ಸೂರು ಮತ್ತು ಲೆಕ್ಕ: ಉಲ್ಹಾಸನಗರದಿಂದ ಕಾಣುವ ವಿಭಜನೆಯ ನ್ಯಾಯ

(ಉಲ್ಹಾಸನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಯುದ್ಧ ಮುಗಿದ ಮೇಲೆ ದೇಶ ಕಟ್ಟುವುದು ಹೇಗೆ, ನೊಂದವರಿಗೆ ನ್ಯಾಯ ದೊರಕಿಸುವುದು ಹೇಗೆ ಎಂಬುದು ಇಂದಿನ ವಿಷಯ. ಈ ಮಾತು ಬಂದಾಗ ನಮ್ಮ ಓದು ನಮ್ಮನ್ನು ನೇರ ನ್ಯೂರೆಂಬರ್ಗ್‌ಗೆ, ರುವಾಂಡಾಕ್ಕೆ, ಬೋಸ್ನಿಯಾಕ್ಕೆ ಕರೆದುಕೊಂಡು ಹೋಗುತ್ತದೆ. ಅಷ್ಟು ದೂರ ಹೋಗಬೇಕಾಗಿಲ್ಲ. ನಾವು ಕುಳಿತಿರುವ ಊರೇ ಒಂದು ಯುದ್ಧದ ಅವಶೇಷದ ಮೇಲೆ, ಇನ್ನೊಂದು ಮಹಾ ಹಿಂಸೆಯ ಸಂತ್ರಸ್ತರು ಕಟ್ಟಿಕೊಂಡ ಊರು. ಅದರ ಕಥೆ ಹೇಳುತ್ತಲೇ ನನ್ನ ವಾದವನ್ನು ಮುಂದಿಡುತ್ತೇನೆ. ವಿಭಜನೆಯ ನಂತರ ಭಾರತ ಸರಕಾರ ನಿರಾಶ್ರಿತರಿಗೆ ಸೂರು ಕೊಡುವ ದೊಡ್ಡ ಕೆಲಸವನ್ನು ಕೈಗೆತ್ತಿಕೊಂಡಿತು, ಬಹುಮಟ್ಟಿಗೆ ಮಾಡಿಯೂ ತೋರಿಸಿತು. ಆದರೆ ನಡೆದ ಅನ್ಯಾಯದ ಲೆಕ್ಕವನ್ನು ತೆರೆಯಲೇ ಇಲ್ಲ. ಕಳೆದುಹೋದ ಮನೆಗೆ ಒಂದು ವಹಿ ಇತ್ತು. ಕಳೆದುಹೋದ ಮನುಷ್ಯರಿಗೆ ಇರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಊರು ಕಲ್ಯಾಣದ ಮಿಲಿಟರಿ ಟ್ರಾನ್ಸಿಟ್ ಕ್ಯಾಂಪ್. ಆರು ಸಾವಿರ ಸೈನಿಕರು, ಮೂವತ್ತು ಸಾವಿರದಷ್ಟು ಇತರರು ತಂಗುವಂತೆ ಎರಡು ಸಾವಿರಕ್ಕೂ ಹೆಚ್ಚು ಬ್ಯಾರಕ್‌ಗಳನ್ನು ಕಟ್ಟಿದ್ದರು. 1945ರಲ್ಲಿ ಯುದ್ಧ ನಿಂತಿತು, ಕ್ಯಾಂಪ್ ಬಿಕೋ ಎನ್ನತೊಡಗಿತು. ಅಷ್ಟರಲ್ಲಿ ದೇಶ ಒಡೆಯಿತು. ಪಂಜಾಬ್ ಎರಡಾಯಿತು, ಬಂಗಾಳ ಎರಡಾಯಿತು. ಸಿಂಧ್ ಮಾತ್ರ ಇಡಿಯಾಗಿ ಪಾಕಿಸ್ತಾನಕ್ಕೆ ಸೇರಿತು. ಲಾಹೋರ್ ಬಿಟ್ಟ ಪಂಜಾಬಿಗೆ ಅಮೃತಸರದಲ್ಲಿ ತನ್ನ ಭಾಷೆ ಕಿವಿಗೆ ಬೀಳುತ್ತಿತ್ತು. ಕರಾಚಿ ಬಿಟ್ಟ ಸಿಂಧಿಗೆ ಈ ಕಡೆ ತನ್ನದೆನ್ನುವ ಒಂದು ಜಿಲ್ಲೆಯೂ ಇರಲಿಲ್ಲ. ಮೊದಲ ತಿಂಗಳುಗಳಲ್ಲಿ ಎಷ್ಟೋ ಕುಟುಂಬಗಳು ಅಲ್ಲೇ ಉಳಿಯುವ ಮನಸ್ಸಿನಲ್ಲಿದ್ದವು. 1948ರ ಜನವರಿ 6ರ ಕರಾಚಿ ಗಲಭೆ ಆ ಆಸೆಯನ್ನು ಮುರಿಯಿತು. ಹಡಗು ತುಂಬಿ ತುಂಬಿ ಜನ ಮುಂಬಯಿ ಬಂದರಿಗೆ ಬಂದಿಳಿದರು. ಅವರಲ್ಲಿ ಒಂದು ಲಕ್ಷದಷ್ಟು ಜನರನ್ನು ಕಲ್ಯಾಣದ ಈ ಖಾಲಿ ಬ್ಯಾರಕ್‌ಗಳಿಗೆ ಸಾಗಿಸಲಾಯಿತು.

ಕನ್ನಡಿಗರು ಇಲ್ಲೊಂದು ಸಂಗತಿಯನ್ನು ನೆನಪಿಡಬೇಕು. ಆಗಿನ ಮುಂಬಯಿ ಪ್ರಾಂತದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳೂ ಇದ್ದವು. ಬಿ.ಜಿ. ಖೇರ್ ಅವರ ಸರಕಾರ ನಮ್ಮದೂ ಆಗಿತ್ತು. ಈ ಕ್ಯಾಂಪುಗಳ ಕಥೆಯನ್ನು ಸಿಂಧಿಗಳ ಮನೆಯ ಮಾತು ಎಂದು ಪಕ್ಕಕ್ಕಿಡುವ ಹಕ್ಕು ನಮಗಿಲ್ಲ.

ಈಗ ಒಂದು ಬ್ಯಾರಕ್‌ನೊಳಗೆ ಹೋಗೋಣ. ಮಧ್ಯೆ ಒಂದು ಉದ್ದನೆಯ ಹಾಲ್, ಎರಡೂ ತುದಿಯಲ್ಲಿ ಕೋಣೆಗಳು. ಸಾಲಾಗಿ ಮಂಚ ಹಾಕಿಕೊಂಡು ಮಲಗುವ ಸೈನಿಕರಿಗೆಂದು ಮಾಡಿದ ಕಟ್ಟಡ ಅದು, ಸಂಸಾರಕ್ಕಲ್ಲ. ಅಂಥ ಹಾಲಿನಲ್ಲಿ ಹಲವು ಸಂಸಾರಗಳು. ನಡುವಿನ ಗೋಡೆಯೆಂದರೆ ಹಗ್ಗಕ್ಕೆ ಇಳಿಬಿಟ್ಟ ಗೋಣಿತಟ್ಟು, ಹಳೆಯ ಬಟ್ಟೆ. ಒಬ್ಬರ ಕೆಮ್ಮು ಎಲ್ಲರಿಗೂ ಕೇಳುತ್ತದೆ. ಮದುವೆಯಾದವರು, ಬಾಣಂತಿಯರು, ಸಾಯುತ್ತಿರುವ ಮುದುಕರು ಎಲ್ಲರೂ ಒಂದೇ ಮಾಡಿನ ಕೆಳಗೆ. ಹೈದರಾಬಾದ್ ಸಿಂಧ್‌ನಲ್ಲಿ ಎರಡು ಮಹಡಿಯ ಮನೆಯಿದ್ದವರು ನಲ್ಲಿಯ ಸರದಿಯಲ್ಲಿ ಬಕೆಟ್ ಹಿಡಿದು ನಿಂತರು. ಹೆಂಗಸರು ಹಪ್ಪಳ ಲಟ್ಟಿಸಿದರು, ಉಪ್ಪಿನಕಾಯಿ ಹಾಕಿದರು. ಗಂಡಸರು, ಹುಡುಗರು ಲೋಕಲ್ ಗಾಡಿಗಳಲ್ಲಿ ಅವನ್ನು ಮಾರಿದರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರು ಇಲ್ಲಿ ಅಡಿಗಲ್ಲು ಹಾಕಿದರು. ಉಲ್ಹಾಸ ನದಿಯ ದಡದ ಕ್ಯಾಂಪ್ ಉಲ್ಹಾಸನಗರವಾಯಿತು. ಆದರೂ ವಿಳಾಸ ಕೇಳಿದರೆ ಇಂದಿಗೂ ಜನ ಹೇಳುವುದು ಕ್ಯಾಂಪ್ ಒಂದು, ಕ್ಯಾಂಪ್ ಮೂರು, ಕ್ಯಾಂಪ್ ಐದು ಎಂದೇ.

ಕಟ್ಟುವ ಕೆಲಸದಲ್ಲಿ ಈ ಜನ ಮನೆ, ಅಂಗಡಿಗಳನ್ನಷ್ಟೇ ಎಬ್ಬಿಸಲಿಲ್ಲ. ಬಿಟ್ಟುಬಂದ ಸಂಸ್ಥೆಗಳನ್ನೂ ಹೊತ್ತು ತಂದರು. ಹೈದರಾಬಾದ್ ಸಿಂಧ್‌ನ ನ್ಯಾಷನಲ್ ಕಾಲೇಜನ್ನು ನಡೆಸಿದ್ದ ಕೆ.ಎಂ. ಕುಂದನಾನಿ ಅವರು ಬ್ಯಾರಿಸ್ಟರ್ ಎಚ್.ಜಿ. ಅಡ್ವಾಣಿ ಅವರೊಂದಿಗೆ 1949ರಲ್ಲಿ ಮುಂಬಯಿಯಲ್ಲಿ ಅದಕ್ಕೆ ಮರುಜನ್ಮ ಕೊಟ್ಟರು. ಅದೇ ಆಡಳಿತ ಮಂಡಳಿಯ ಸಿ.ಎಚ್.ಎಂ. ಕಾಲೇಜು 1965ರಲ್ಲಿ ಉಲ್ಹಾಸನಗರಕ್ಕೆ ಬಂತು. ನಮ್ಮ ಎಷ್ಟೋ ಮನೆಗಳ ಮಕ್ಕಳೂ ಅಲ್ಲಿ ಓದಿದ್ದಾರೆ. ರಾಜ್ಯವಿಲ್ಲದ ಸಿಂಧಿ ಭಾಷೆ 1967ರ ಏಪ್ರಿಲ್‌ನಲ್ಲಿ, ಸಂವಿಧಾನದ 21ನೇ ತಿದ್ದುಪಡಿಯಿಂದ, ಎಂಟನೇ ಅನುಸೂಚಿಗೆ ಸೇರಿತು. ಇಪ್ಪತ್ತು ವರ್ಷ ಕಾಯಬೇಕಾಯಿತು. ಊರಿನಿಂದ ದೂರದಲ್ಲಿದ್ದುಕೊಂಡು ಭಾಷೆ ಉಳಿಸಿಕೊಳ್ಳುವ ಪಾಡು ಎಂಥದೆಂದು ಈ ಸಭೆಗೆ ವಿವರಿಸಬೇಕಾಗಿಲ್ಲ. ಆದರೂ ನಮಗೆ ಮರಳಿ ಹೋಗಲು ಒಂದು ಕರ್ನಾಟಕವಿದೆ.

ಇನ್ನು ಕಾನೂನಿನ ಮಾತು. 1947ರ ಸೆಪ್ಟೆಂಬರಿನಲ್ಲೇ ದಿಲ್ಲಿಯಲ್ಲಿ ಪುನರ್ವಸತಿಗೆಂದು ಪ್ರತ್ಯೇಕ ಸಚಿವಾಲಯ ಎದ್ದಿತು. ನಂತರ ಕಾಯ್ದೆಗಳ ಒಂದು ಸರಣಿಯೇ ಬಂತು. ಅವುಗಳಲ್ಲಿ ಉಲ್ಹಾಸನಗರದ ಬದುಕನ್ನು ನೇರ ಮುಟ್ಟಿದವು ಎರಡು. ಬಿಟ್ಟುಬಂದ ಆಸ್ತಿಯ ಕ್ಲೇಮುಗಳನ್ನು ನೋಂದಾಯಿಸಿ ಪರಿಶೀಲಿಸುವ 1950ರ ಕಾಯ್ದೆ ಒಂದು, ಅವುಗಳ ಆಧಾರದ ಮೇಲೆ ಪರಿಹಾರ ಕೊಡುವ 1954ರ ಕಾಯ್ದೆ ಇನ್ನೊಂದು. ಕ್ಲೇಮ್ ಎಂಬುದು ಆ ಕಾಲದ ನಿರಾಶ್ರಿತರ ಬಾಯಲ್ಲಿ ದಿನನಿತ್ಯದ ಮಾತಾಯಿತು. ಆಸ್ತಿ ಯಾವ ಊರಿನಲ್ಲಿದೆ, ಎಂಥದು, ಅದರ ಬೆಲೆಯೆಷ್ಟು, ನಿಮ್ಮದೆನ್ನಲು ಪುರಾವೆಯೇನು ಎಂದು ಅಧಿಕಾರಿ ಕೇಳುತ್ತಿದ್ದ. ಗಂಟು ಕಟ್ಟಿಕೊಂಡು ಹಡಗು ಹತ್ತಿದವರು ಪುರಾವೆಯನ್ನು ಎಲ್ಲಿಂದ ತರಬೇಕು? ಪಕ್ಕದ ಮನೆಯವರ ಸಾಕ್ಷಿಯೇ ಎಷ್ಟೋ ಬಾರಿ ಆಧಾರ. ಆ ಪಕ್ಕದ ಮನೆಯವರು ಅಜ್ಮೇರಿನ ಕ್ಯಾಂಪಿನಲ್ಲೋ ಬೈರಾಗಢದಲ್ಲೋ ಇದ್ದರೆ ಅವರನ್ನು ಹುಡುಕಬೇಕು.

ಈ ವ್ಯವಸ್ಥೆಯನ್ನು ಲಘುವಾಗಿ ನೋಡಬಾರದು. ಆಗಷ್ಟೇ ಹುಟ್ಟಿದ ಬಡ ಸರಕಾರವೊಂದು ಲಕ್ಷಗಟ್ಟಲೆ ಕ್ಲೇಮುಗಳನ್ನು ಒಂದೊಂದಾಗಿ ಪರಿಶೀಲಿಸಲು ಹೊರಟಿತು. ದೊಡ್ಡ ಕ್ಲೇಮಿಗೆ ಕಡಿಮೆ ಪ್ರಮಾಣ, ಸಣ್ಣ ಕ್ಲೇಮಿಗೆ ಹೆಚ್ಚು ಪ್ರಮಾಣ ಎಂಬ ನಿಯಮ ಮಾಡಿತು. ಅದರಲ್ಲಿ ನ್ಯಾಯದೃಷ್ಟಿ ಇತ್ತು, ಅದನ್ನು ಗೌರವದಿಂದಲೇ ಹೇಳುತ್ತೇನೆ. ಆದರೆ ಕ್ಲೇಮ್ ಇದ್ದದ್ದು ಸ್ಥಿರಾಸ್ತಿಗೆ. ಅಂಗಡಿಯ ಸರಕಿಗೆ, ಜಾನುವಾರಿಗೆ, ತಾಯಿಯ ಬಂಗಾರಕ್ಕೆ ಇರಲಿಲ್ಲ. ಬಾಡಿಗೆ ಮನೆಯಲ್ಲಿದ್ದ ಗುಮಾಸ್ತನಿಗೆ, ದಿನಗೂಲಿಯವನಿಗೆ ಬರೆಸಲು ಏನೂ ಇರಲಿಲ್ಲ. ಇನ್ನೂ ಕೆಳಗಿನವರ ಗತಿ ಕೇಳಿ. ಕರಾಚಿಯ ಬೀದಿ ಗುಡಿಸುವವರನ್ನು, ಮಲ ಹೊರುವವರನ್ನು ಅಗತ್ಯ ಸೇವೆಯ ಹೆಸರಿನಲ್ಲಿ ಪಾಕಿಸ್ತಾನ ಸರಕಾರ ಹೊರಡಲು ಬಿಡಲಿಲ್ಲ. 1947ರ ಡಿಸೆಂಬರಿನಲ್ಲಿ ಅಂಬೇಡ್ಕರ್ ಅವರು ನೆಹರೂ ಅವರಿಗೆ ಪತ್ರ ಬರೆದು ಪಾಕಿಸ್ತಾನದಲ್ಲಿ ಸಿಕ್ಕಿಕೊಂಡ, ಅಲ್ಲಿಂದ ಬಂದ ದಲಿತರ ದುಃಸ್ಥಿತಿಯತ್ತ ಗಮನ ಸೆಳೆದರು. ಹಡಗು ಹತ್ತುವುದಕ್ಕೂ ಜಾತಿ ಅಡ್ಡ ಬಂದಿತ್ತು.

ಪರಿಹಾರದ ಹಣ ಬಂದದ್ದು ಎಲ್ಲಿಂದ ಎಂಬ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ. ಪಾಕಿಸ್ತಾನಕ್ಕೆ ಹೋದ ಮುಸ್ಲಿಮರು ಇಲ್ಲಿ ಬಿಟ್ಟ ಆಸ್ತಿ ಪರಿಹಾರದ ನಿಧಿಗೆ ಸೇರಿತು. ಅತ್ತ ಕಡೆಯೂ ಹಾಗೆಯೇ, ಸಿಂಧಿಗಳು ಬಿಟ್ಟ ಮನೆಗಳಲ್ಲಿ ಉತ್ತರ ಪ್ರದೇಶದಿಂದ, ಗುಜರಾತದಿಂದ ಹೋದವರು ತುಂಬಿಕೊಂಡರು. ಒಬ್ಬ ಸಂತ್ರಸ್ತನ ನಷ್ಟವನ್ನು ಇನ್ನೊಬ್ಬ ಸಂತ್ರಸ್ತನ ಆಸ್ತಿಯಿಂದ ತುಂಬಿಸಿದರು. ಅಷ್ಟಕ್ಕೇ ನಿಂತಿದ್ದರೆ ಅನಿವಾರ್ಯ ಎನ್ನಬಹುದಿತ್ತು. ಆದರೆ ದೇಶ ಬಿಟ್ಟು ಹೋದವರ, ಅಂದರೆ ನಿರ್ವಸಿತರ, ಆಸ್ತಿಯ ಕಾನೂನು ‘ಹೊರಡಬಹುದಾದವರು’ ಎಂಬ ಒಂದು ವರ್ಗವನ್ನೂ ಮಾಡಿತು. ಊರು ಬಿಡದೆ ಇಲ್ಲೇ ಉಳಿದ ಮುಸ್ಲಿಮನನ್ನು, ಅವನು ಹೊರಡುವ ತಯಾರಿಯಲ್ಲಿದ್ದಾನೆ ಎಂದು ಅನುಮಾನಿಸಿ ಆಸ್ತಿಯ ಮೇಲೆ ನಿರ್ಬಂಧ ಹೇರಲು ಅದು ಅವಕಾಶ ಕೊಟ್ಟಿತು. ತನ್ನ ದೇಶದಲ್ಲೇ ತನ್ನ ಮನೆ ಮಾರಲು ಹೆದರುವ ಸ್ಥಿತಿ ಬಂತು. 1954ರ ಮೇ 7ರ ನಂತರ ಹೊಸದಾಗಿ ಯಾವ ಆಸ್ತಿಯನ್ನೂ ನಿರ್ವಸಿತರದೆಂದು ಘೋಷಿಸುವಂತಿಲ್ಲ ಎಂದು ಆಮೇಲೆ ತಿದ್ದುಪಡಿಯಾಯಿತು. ಅಷ್ಟರಲ್ಲಿ ಎಷ್ಟೋ ಜನ ನಿಜಕ್ಕೂ ಹೊರಟುಹೋಗಿದ್ದರು.

ಅದೇ ಕಾಲದಲ್ಲಿ ಪಶ್ಚಿಮ ಜರ್ಮನಿ ಬೇರೆ ದಾರಿ ಹಿಡಿಯಿತು. ಪೂರ್ವದಿಂದ ಓಡಿಸಲ್ಪಟ್ಟು ಬಂದ ಜರ್ಮನರು, ಬಾಂಬಿನಲ್ಲಿ ಮನೆ ಕಳೆದುಕೊಂಡವರು ಅಲ್ಲಿ ಲಕ್ಷಗಟ್ಟಲೆ ಇದ್ದರು. 1952ರಲ್ಲಿ ಅಲ್ಲೊಂದು ಕಾಯ್ದೆ ಮಾಡಿದರು. ಯುದ್ಧದಲ್ಲಿ ಯಾರ ಆಸ್ತಿ ಉಳಿದಿದೆಯೋ ಅವರು 1948ರ ಬೆಲೆಯ ಪ್ರಕಾರ ಅದರ ಅರ್ಧದಷ್ಟನ್ನು ಮೂವತ್ತು ವರ್ಷಗಳ ಕಂತಿನಲ್ಲಿ ಕಟ್ಟಬೇಕು, ಆ ಹಣ ಕಳೆದುಕೊಂಡವರಿಗೆ ಹೋಗಬೇಕು. ಅದೃಷ್ಟದಿಂದ ಉಳಿದುಕೊಂಡವನು ನೊಂದವನ ಹೊರೆಯಲ್ಲಿ ಪಾಲು ತೆಗೆದುಕೊಳ್ಳಬೇಕೆಂಬ ತತ್ವ ಅದು. ನಮ್ಮಲ್ಲಿ ಧಾರವಾಡದ, ಮಂಗಳೂರಿನ, ಮೈಸೂರಿನ ಸಿರಿವಂತನಿಗೆ ಅಂಥ ಬಾಧ್ಯತೆ ಬರಲಿಲ್ಲ. ವಿಭಜನೆಯ ಬೆಲೆಯನ್ನು ಗಡಿಯವರು ತೆತ್ತರು, ಸ್ವಾತಂತ್ರ್ಯದ ಹಬ್ಬವನ್ನು ಎಲ್ಲರೂ ಮಾಡಿದರು.

ಮಂಗಳೂರಿನ ಹೆಸರು ಬಂತು. ಅಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರನ್ನು ನಾವು ಕರಕುಶಲ ಕಲೆಗಳ ತಾಯಿ ಎಂದು ನೆನೆಯುತ್ತೇವೆ. ಅವರ ಇನ್ನೊಂದು ಕೆಲಸ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. 1948ರಲ್ಲಿ ಅವರು ನಿರಾಶ್ರಿತರಿಗಾಗಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ವಾಯವ್ಯ ಗಡಿ ಪ್ರಾಂತದಿಂದ ಬಂದ ಹಿಂದೂ, ಸಿಖ್ಖರಿಗೆ ದಿಲ್ಲಿಯ ಹತ್ತಿರ ಫರೀದಾಬಾದಿನಲ್ಲಿ ಊರು ಕಟ್ಟುವ ಯೋಜನೆ ಬಂದಾಗ ಅವರು, ಅವರೊಂದಿಗಿದ್ದ ಎಲ್.ಸಿ. ಜೈನ್ ಅವರಂಥ ಯುವಕರು ಒಂದು ಹಟ ಹಿಡಿದರು. ಕಂಟ್ರಾಕ್ಟರ್ ಬೇಡ, ನಿರಾಶ್ರಿತರೇ ಸಹಕಾರಿ ಸಂಘ ಮಾಡಿಕೊಂಡು ತಮ್ಮ ಮನೆಗಳನ್ನು ತಾವೇ ಕಟ್ಟಲಿ ಎಂದರು. ಅಂಗಡಿ, ಲೇವಾದೇವಿ ಬಿಟ್ಟರೆ ಬೇರೆ ತಿಳಿಯದ ಜನ ಇಟ್ಟಿಗೆ ಮಾಡಿದರು, ಗೋಡೆ ಎಬ್ಬಿಸಿದರು, ಕೂಲಿಯನ್ನೂ ಪಡೆದರು. ಅಭಿವೃದ್ಧಿ ಮಂಡಳಿಗೆ ರಾಜೇಂದ್ರ ಪ್ರಸಾದರು ಅಧ್ಯಕ್ಷರು. ನೆಹರೂ ಸ್ವತಃ ಸಭೆಗಳಿಗೆ ಬರುತ್ತಿದ್ದರು. ಊರಿನ ಬೆಳಕಿಗೆ ಬಳಸಿದ್ದು ಜರ್ಮನಿಯಿಂದ ಯುದ್ಧದ ಪರಿಹಾರವಾಗಿ ಬಂದ ಡೀಸೆಲ್ ವಿದ್ಯುತ್ ಯಂತ್ರ.

ಕೆಲವೇ ವರ್ಷಗಳಲ್ಲಿ ಆಡಳಿತ ಇಲಾಖೆಗಳ ಕೈಗೆ ಹೋಗಿ ಆ ಸಂಘಗಳು ಸೊರಗಿದವು. ಆದರೂ ಅಲ್ಲೊಂದು ದೊಡ್ಡ ವಿಚಾರವಿತ್ತು. ಕೈ ಒಡ್ಡಿ ನಿಲ್ಲುವವನ ಪಾತ್ರದಿಂದ ನಿರಾಶ್ರಿತನನ್ನು ಬಿಡಿಸಿ, ತನ್ನ ಊರಿನ ಬಗ್ಗೆ ತೀರ್ಮಾನ ಮಾಡುವವನನ್ನಾಗಿ ಮಾಡುವುದು. ಉಲ್ಹಾಸನಗರದ ಜನ ಶ್ರಮದಲ್ಲಿ ಫರೀದಾಬಾದಿಗೆ ಕಡಿಮೆಯಿರಲಿಲ್ಲ. ಅವರಿಗೆ ಆ ಮಟ್ಟದ ತೀರ್ಮಾನದ ಅಧಿಕಾರ ಸಿಗಲಿಲ್ಲ. ಸಿಕ್ಕಿದ್ದು ಸೈನ್ಯ ಬಿಟ್ಟುಹೋದ ಕಟ್ಟಡ.

ಅದರ ಫಲವನ್ನು ಇಂದಿಗೂ ಕಾಣುತ್ತಿದ್ದೇವೆ. ಬ್ಯಾರಕ್ ಸಿಕ್ಕರೂ ಹಕ್ಕುಪತ್ರ, ಅಂದರೆ ಸನದು, ಬೇಗ ಸಿಗಲಿಲ್ಲ. ಎಷ್ಟೋ ಕುಟುಂಬಗಳಿಗೆ ದಶಕಗಳಾದರೂ ಆ ಕಾಗದದ ತಂಟೆ ಮುಗಿಯಲಿಲ್ಲ. ಸಂಸಾರ ಬೆಳೆಯಿತು, ಕಾಗದವಿಲ್ಲದ ಜಾಗದ ಮೇಲೆ ನಕಾಶೆಯಿಲ್ಲದ ಮಹಡಿಗಳು ಎದ್ದವು. ಕಡೆಗೆ ಹೈಕೋರ್ಟು 800ಕ್ಕೂ ಹೆಚ್ಚು ಅನಧಿಕೃತ ಕಟ್ಟಡಗಳ ಮೇಲೆ ಕ್ರಮಕ್ಕೆ ಆದೇಶಿಸಿತು. ಈ ಒಂದೇ ಊರಿಗಾಗಿ ಮಹಾರಾಷ್ಟ್ರ 2006ರಲ್ಲಿ ಸಕ್ರಮದ ಕಾಯ್ದೆ ಮಾಡಬೇಕಾಯಿತು. 2021ರ ಮೇ ತಿಂಗಳಲ್ಲಿ ಎರಡು ಕಟ್ಟಡಗಳ ಸ್ಲ್ಯಾಬ್ ಕುಸಿದು ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ದುಡ್ಡಿನ ಆಸೆಗೆ ಕಟ್ಟಿದವರ ತಪ್ಪನ್ನು ನಾನು ಮನ್ನಿಸುತ್ತಿಲ್ಲ. ಆದರೆ ಪುನರ್ವಸತಿಯ ಕಡತವನ್ನು ಅರ್ಧಕ್ಕೇ ಮುಚ್ಚಿದರೆ ಅದರ ಬಾಕಿ ಮೊಮ್ಮಕ್ಕಳ ತಲೆಯ ಮೇಲೆ ಬೀಳುತ್ತದೆ. ಕ್ಲೇಮ್ ಕಾಯ್ದೆಗಳನ್ನು ಸಂಸತ್ತು 2005ರಲ್ಲಿ ರದ್ದು ಮಾಡಿತು, ಕೆಲಸ ಮುಗಿಯಿತೆಂಬ ಭಾವದಲ್ಲಿ.

ಇಲ್ಲಿಯವರೆಗೆ ಸೂರಿನ ಮಾತು. ಈಗ ಲೆಕ್ಕದ ಮಾತಿಗೆ ಬರುತ್ತೇನೆ.

ವಿಭಜನೆಯ ಹಿಂಸೆಯಲ್ಲಿ ಸತ್ತವರು ಹಲವು ಲಕ್ಷ. ಅದಕ್ಕಾಗಿ ಎರಡೂ ದೇಶಗಳಲ್ಲಿ ಒಂದು ವಿಶೇಷ ನ್ಯಾಯಾಲಯ ಕೂರಲಿಲ್ಲ, ಒಂದು ಸತ್ಯಶೋಧನಾ ಆಯೋಗ ಊರೂರು ತಿರುಗಲಿಲ್ಲ. ಕೊಂದವರು ತಮ್ಮ ಊರುಗಳಲ್ಲೇ ಮುದುಕರಾದರು. ಸರಕಾರ ಕೈ ಹಾಕಿದ್ದು ಅಪಹೃತ ಹೆಂಗಸರನ್ನು ಹುಡುಕಿ ಮರಳಿಸುವ ಕೆಲಸಕ್ಕೆ. ಆ ಕೆಲಸದ ಮುಂಚೂಣಿಯಲ್ಲಿದ್ದ ಮೃದುಲಾ ಸಾರಾಭಾಯಿ ಅವರ ಧೈರ್ಯ ದೊಡ್ಡದು. ಆದರೆ ಅದಕ್ಕಾಗಿ ಮಾಡಿದ 1949ರ ಕಾಯ್ದೆಯನ್ನು ಓದಿದರೆ ಎದೆ ಭಾರವಾಗುತ್ತದೆ. ಹುಡುಗನಾದರೆ 16 ವರ್ಷದೊಳಗಿನವನು, ಹೆಣ್ಣಾದರೆ ಯಾವ ವಯಸ್ಸಿನವಳಾದರೂ ಸರಿ, 1947ರ ಮಾರ್ಚ್ 1ರ ನಂತರ ತನ್ನವರಿಂದ ಬೇರೆಯಾಗಿ ಅನ್ಯರ ಮನೆಯಲ್ಲಿ ಸಿಕ್ಕರೆ ಅಪಹೃತ ವ್ಯಕ್ತಿ. ನಿನಗೆ ಹೋಗಲು ಇಷ್ಟವಿದೆಯೇ ಎಂದು ಅವಳನ್ನು ಕೇಳಬೇಕೆಂದು ಕಾನೂನು ಹೇಳಲಿಲ್ಲ. ನಿನ್ನ ಮೇಲೆ ಕೈ ಮಾಡಿದವನು ಯಾರು ಎಂದು ಕೇಳಿ ಅವನನ್ನು ಕಟಕಟೆಯಲ್ಲಿ ನಿಲ್ಲಿಸುವ ಏರ್ಪಾಡೂ ಆ ಕಾಯ್ದೆಯಲ್ಲಿರಲಿಲ್ಲ. ಅವಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಒಪ್ಪಿಸಿದರು, ಅಷ್ಟೆ.

ಇದು ಪಂಜಾಬದ ಮಾತು, ಕನ್ನಡ ನಾಡಿಗೆ ಸಂಬಂಧವಿಲ್ಲ ಎನ್ನುವಂತಿಲ್ಲ. ಈ ಸಭೆಯಲ್ಲಿ ಆಳಂದ, ಹುಮನಾಬಾದ, ಭಾಲ್ಕಿ, ಬಸವಕಲ್ಯಾಣದ ಕಡೆಯಿಂದ ಬಂದು ಕಲ್ಯಾಣ, ಉಲ್ಹಾಸನಗರಗಳಲ್ಲಿ ನೆಲೆಸಿದವರ ಮಕ್ಕಳು ಇದ್ದೀರಿ. 1948ರ ಮೇ ತಿಂಗಳಲ್ಲಿ, ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದ ಬೀದರ ಜಿಲ್ಲೆಯ ಗೋರ್ಟಾದಲ್ಲಿ, ನಿಜಾಮನ ಪರವಾದ ಸಶಸ್ತ್ರ ಪಡೆಯಾಗಿದ್ದ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ನಿಮ್ಮ ಮನೆಯ ಹಿರಿಯರು ಹೇಳಿಯೇ ಇರುತ್ತಾರೆ. ಅದಕ್ಕೆ ಸ್ಮಾರಕವಿದೆ, ಇರಲೇಬೇಕು. ಅದೇ ವರ್ಷ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗಿತು. ಐದು ದಿನಗಳಲ್ಲಿ ನಿಜಾಮನ ಆಡಳಿತ ಮಣಿಯಿತು. ಸೆಪ್ಟೆಂಬರ್ 17 ನಮಗೆ ವಿಮೋಚನಾ ದಿನ.

ಅದರ ಬೆನ್ನಿಗೇ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ನಡೆದದ್ದನ್ನು ನಾವು ಹೇಳುವುದಿಲ್ಲ. ದೂರುಗಳು ಬಂದಾಗ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ತಂಡ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ತಿರುಗಾಡಿತು. ಅವರ ಅಂದಾಜಿನಲ್ಲಿ ಸತ್ತವರು 27,000ದಿಂದ 40,000. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ, ನಾಂದೇಡದೊಂದಿಗೆ ಎರಡು ನಮ್ಮವು, ಕಲಬುರಗಿ ಮತ್ತು ಬೀದರ. ನಮ್ಮವರೇ ಬರೆದ ವರದಿ ಇದು, ಹೊರಗಿನ ಶತ್ರು ಬರೆದದ್ದಲ್ಲ. ಸರಕಾರ ಅದನ್ನು ಪ್ರಕಟಿಸಲಿಲ್ಲ. ಭಾಗಗಳು ಅಲ್ಲಲ್ಲಿ ಹೊರಬಂದರೂ ಪೂರ್ಣ ವರದಿ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದಲು ಸಿಕ್ಕ ಸುದ್ದಿ ಬಂದದ್ದು 2013ರಲ್ಲಿ. ಅರವತ್ತೈದು ವರ್ಷ!

ರಜಾಕಾರರ ನಾಯಕ ಕಾಸಿಂ ರಜ್ವಿಗೆ ವಿಚಾರಣೆಯಾಯಿತು, ಶಿಕ್ಷೆಯಾಯಿತು, 1957ರಲ್ಲಿ ಬಿಡುಗಡೆಯಾಗಿ ಅವನು ಪಾಕಿಸ್ತಾನಕ್ಕೆ ಹೋದ. ನಿಜಾಮ ಅದೇ ರಾಜ್ಯಕ್ಕೆ ರಾಜಪ್ರಮುಖನಾದ, ಅಂದರೆ ರಾಜ್ಯಪಾಲನ ಸ್ಥಾನದವನಾದ. ಗೋರ್ಟಾದ ವಿಧವೆಗೂ, ಸೆಪ್ಟೆಂಬರಿನ ನಂತರ ಬಾವಿಗೆ ಹಾರಿದ ಹೆಣ್ಣುಮಗಳ ತಾಯಿಗೂ ಸಾರ್ವಜನಿಕವಾಗಿ ಕೂತು ಹೇಳಿಕೊಳ್ಳುವ ಒಂದು ಜಾಗ ಸಿಗಲಿಲ್ಲ. ಒಬ್ಬರ ದುಃಖ ಭಾಷಣದ ವಸ್ತುವಾಯಿತು, ಇನ್ನೊಬ್ಬರದು ಬಾಯಿಬಿಡಬಾರದ ಗುಟ್ಟಾಯಿತು. ಇಬ್ಬರಿಗೂ ಇದು ಅನ್ಯಾಯವೇ.

ಹಳೆಯ ಗಾಯ ಕೆದಕುವುದೇಕೆ ಎಂದು ಕೇಳುವವರಿದ್ದಾರೆ. ಅವರದು ಕೆಟ್ಟ ಮನಸ್ಸಲ್ಲ. ಅಂದಿನ ನಾಯಕರಿಗೂ ಅದೇ ಭಯವಿತ್ತು, ವಿಚಾರಣೆ ಶುರುವಾದರೆ ಬೆಂಕಿ ಮತ್ತೆ ಹತ್ತೀತು ಎಂದು. 1948ರಲ್ಲಿ ಆ ಭಯಕ್ಕೆ ಅರ್ಥವಿತ್ತು ಎಂದೇ ನಾನು ಒಪ್ಪುತ್ತೇನೆ. 1958ರಲ್ಲಿ, 1968ರಲ್ಲಿ ಇರಲಿಲ್ಲ. ಬಾಯಿ ಮುಚ್ಚಿಸಿದರೆ ನೆನಪು ಸಾಯುವುದಿಲ್ಲ. ಅರ್ಧ ಕಥೆಯಾಗಿ ಮನೆಯೊಳಗೆ ಉಳಿಯುತ್ತದೆ. ಪ್ರತಿ ಚುನಾವಣೆಗೆ, ಪ್ರತಿ ಗಲಭೆಗೆ ಅದು ಸಿದ್ಧ ಸರಕಾಗಿ ಒದಗುತ್ತದೆ.

ದಕ್ಷಿಣ ಆಫ್ರಿಕದ ದಾರಿ ಇದಕ್ಕೆ ತದ್ವಿರುದ್ಧ. 1996ರಿಂದ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ ಅಲ್ಲಿಯ ಸತ್ಯ ಮತ್ತು ಸಾಮರಸ್ಯ ಆಯೋಗ ಊರೂರಲ್ಲಿ ಬಹಿರಂಗ ಸಭೆ ನಡೆಸಿತು. ತಾಯಂದಿರು ಮಾತಾಡಿದರು, ಕೊಂದ ಪೊಲೀಸರು ಎದುರು ಕೂತು ಒಪ್ಪಿಕೊಂಡರು. ರೇಡಿಯೋದಲ್ಲಿ, ಟಿ.ವಿ.ಯಲ್ಲಿ ಇಡೀ ದೇಶ ಕೇಳಿತು. ಆದರೆ ಪರಿಹಾರದ ಹೊತ್ತು ಬಂದಾಗ ಸರಕಾರ ಕೈ ಬಿಗಿ ಹಿಡಿಯಿತು. ಆಯೋಗ ಗುರುತಿಸಿದ ಸಂತ್ರಸ್ತರಿಗೆ ಒಂದೇ ಬಾರಿ 30,000 ರ‍್ಯಾಂಡ್ ಕೊಟ್ಟು ಮುಗಿಸಿತು. ಅಲ್ಲಿ ಲೆಕ್ಕ ತೆರೆಯಿತು, ಸೂರು ಹಿಂದುಳಿಯಿತು. ನಮ್ಮಲ್ಲಿ ಸೂರು ಬಂತು, ಲೆಕ್ಕ ಬರಲಿಲ್ಲ. ಮನೆ ಕೊಟ್ಟೆವಲ್ಲ, ಸುಮ್ಮನಿರಿ ಎನ್ನುವುದೂ, ಕಣ್ಣೀರು ಕೇಳಿದೆವಲ್ಲ, ಹೋಗಿಬನ್ನಿ ಎನ್ನುವುದೂ ಸಂತ್ರಸ್ತರನ್ನು ಅರ್ಧ ದಾರಿಯಲ್ಲಿ ಕೈಬಿಡುವ ರೀತಿಗಳೇ.

ಇಷ್ಟು ವರ್ಷಗಳ ಮೇಲೆ ಯಾರನ್ನೂ ಕಟಕಟೆಗೆ ತರಲಾಗದು. ತರಬೇಕಾದವರು ಹೋಗಿಬಿಟ್ಟಿದ್ದಾರೆ. ಕೇಳಿಸಿಕೊಳ್ಳುವ ಕೆಲಸ ಇನ್ನೂ ಮಾಡಬಹುದು. ಅದಕ್ಕೂ ಅವಧಿ ಕಡಿಮೆ, ಏಕೆಂದರೆ ಹತ್ತು ವರ್ಷದ ಮಗುವಾಗಿ ಹಡಗಿನಿಂದ ಇಳಿದವರು ಇಂದು ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಅಮೃತಸರದಲ್ಲಿ 2017ರಲ್ಲಿ ವಿಭಜನೆಯ ವಸ್ತುಸಂಗ್ರಹಾಲಯ ತೆರೆಯಿತು. ಐದು ಲಕ್ಷ ಜನರ ಈ ಊರಿಗೂ ಅಂಥದೊಂದು ಬೇಕು, ಉಳಿದಿರುವ ಒಂದಾದರೂ ಬ್ಯಾರಕ್‌ನೊಳಗೇ ಆಗಬೇಕು. ನಗರಪಾಲಿಕೆಯ ಮುಂದೆ ಈ ಬೇಡಿಕೆ ಇಡುವಾಗ ಸಿಂಧಿ ಸಂಘಗಳ ಜೊತೆ ನಾವೂ ಸಹಿ ಹಾಕಬೇಕು.

ಇನ್ನೊಂದು ಕೆಲಸ ನಮ್ಮದೇ. ಮುಂಬಯಿ ಸುತ್ತಿನ ಕನ್ನಡ ಸಂಘಗಳು ವರ್ಷವಿಡೀ ಕಾರ್ಯಕ್ರಮ ನಡೆಸುತ್ತವೆ. ಒಂದು ವರ್ಷದ ಹಣವನ್ನು ತೆಗೆದಿರಿಸಿ, ಮೊಬೈಲ್ ಬಳಸಬಲ್ಲ ನಮ್ಮ ಹುಡುಗ ಹುಡುಗಿಯರನ್ನು ಕ್ಯಾಂಪ್‌ಗಳ ಸಿಂಧಿ ಅಜ್ಜ ಅಜ್ಜಿಯರ ಬಳಿಗೂ, ಕಲಬುರಗಿ, ಬೀದರಗಳಿಂದ ಬಂದ ಹಿಂದೂ ಮುಸ್ಲಿಂ ಹಿರಿಯರ ಬಳಿಗೂ ಕಳಿಸಿ ಧ್ವನಿಮುದ್ರಣ ಮಾಡಿಸೋಣ. ಹೇಳುವವರು ಹೇಳಲೊಲ್ಲೆ ಎಂದರೆ ಒತ್ತಾಯ ಬೇಡ. ಹೆಸರು ಬೇಡವೆಂದರೆ ಹೆಸರು ಬೇಡ. ಗೋರ್ಟಾದ ಕಥೆ ಹೇಳಿದ ಮನೆಯಿಂದ ಹೊರಟು, ಅದೇ ದಿನ, ಸುಂದರಲಾಲ್ ವರದಿಯಲ್ಲಿ ಬರುವಂಥ ಹಳ್ಳಿಯೊಂದರಿಂದ ಓಡಿಬಂದ ಮನೆಗೂ ಹೋಗಬೇಕು. ಕ್ರಮ ತಪ್ಪಿಸಬಾರದು. ಧ್ವನಿಮುದ್ರಿಸಿದ್ದನ್ನು ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೂ ಕಲಬುರಗಿಯ ವಿಶ್ವವಿದ್ಯಾಲಯಕ್ಕೂ ಒಪ್ಪಿಸೋಣ. ಈ ದತ್ತಿಯ ಮುಂದಿನ ಉಪನ್ಯಾಸವನ್ನು ಆ ಧ್ವನಿಮುದ್ರಣಗಳ ಮೇಲೆಯೇ ಏರ್ಪಡಿಸಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸುತ್ತೇನೆ. ಮೊದಲ ಧ್ವನಿಮುದ್ರಣಕ್ಕೆ ತಮ್ಮ ಮನೆಯ ಹಿರಿಯರ ಹೆಸರು ಕೊಡಲು ಇಚ್ಛಿಸುವವರು ಸಭೆ ಮುಗಿದೊಡನೆ ನನ್ನ ಬಳಿ ಬನ್ನಿ, ಇಲ್ಲೇ ಬರೆದುಕೊಳ್ಳುತ್ತೇನೆ.